ಗೂಬೆ ಡಾಕ್ಟರಮ್ಮನ ಉಚಿತ ಸೇವೆ

ಆ ಬೋರ್ಡು ಬರೆದವನು ನಾನೇ. ಬೋರ್ಡು ಬರೆಯುವುದು ನನ್ನ ಕಸುಬು, ಡಾಕ್ಟರಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವುದು ನನ್ನ ಹಣೆಬರಹ. 'ಗಾಯಗೊಂಡ ಕಾಡುಪ್ರಾಣಿ, ಪಕ್ಷಿಗಳಿಗೆ ಇಲ್ಲಿ ಉಚಿತ ಚಿಕಿತ್ಸೆ' ಎಂದು ಅವರು ಬರೆಯಲು ಹೇಳಿದಾಗ, 'ಉಚಿತ' ಎಂಬುದನ್ನು ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆಯೋಣ ಎಂದೆ. ಆ ಪದ ಕಂಡರೆ ಜನ ಮುಂದೆ ಓದುವುದಿಲ್ಲ, ಅಲ್ಲಿಗೇ ನಿಲ್ಲಿಸಿ ಸಾಲು ಹಚ್ಚುತ್ತಾರೆ. ಅವರು ಒಪ್ಪಲಿಲ್ಲ. ಎಲ್ಲವೂ ಒಂದೇ ಅಳತೆಯಲ್ಲಿರಲಿ ಎಂದರು. ನನಗೇನು, ಬರೆದುಕೊಟ್ಟೆ.

ಮೊದಲ ವಾರವೇ ಒಬ್ಬ ದೊಡ್ಡ ಮನುಷ್ಯರು ತಮ್ಮ ನಾಯಿಯನ್ನು ಕಾರಿನಿಂದ ಇಳಿಸಿ, ಇದರ ಮೂಲಪುರುಷ ತೋಳವಾದ್ದರಿಂದ ಲಸಿಕೆ ಪುಕ್ಕಟೆ ಆಗಬೇಕು ಎಂದು ವಾದ ಹೂಡಿದರು. ಉಣ್ಣೆಯುಂಡೆಯಂಥ ಬೆಕ್ಕನ್ನು ಎದೆಗವಚಿಕೊಂಡು ಬಂದ ಮಹಿಳೆಯೊಬ್ಬರು, "ಇದು ಮನೇಲಿ ಯಾರ ಮಾತೂ ಕೇಳಲ್ಲ ಡಾಕ್ಟ್ರೇ, ಶುದ್ಧ ಕಾಡುಪ್ರಾಣಿ" ಎಂದು ಪ್ರಮಾಣ ಮಾಡಿದರು. ಮೂಲೆಯ ಕ್ಷೌರದಂಗಡಿಯವನು ಬಾಗಿಲಲ್ಲೇ ನಿಂತು, "ನಮ್ಮತ್ತೆಗೆ ಮಂಡಿನೋವು, ಕರ್ಕೊಂಡು ಬರ್ಲಾ? ಅವರೂ ಕಾಡಿನವರ ಥರಾನೇ" ಎಂದು ಕೇಳಿ ತಾನೇ ನಕ್ಕ.

ಡಾಕ್ಟರಮ್ಮ ನಗಲಿಲ್ಲ. "ಸಾಕಿದವರಿದ್ದರೆ ಫೀಸು. ದಿಕ್ಕಿಲ್ಲದ್ದಕ್ಕೆ ಮಾತ್ರ ಪುಕ್ಕಟೆ. ನಿಮ್ಮತ್ತೆಗೆ ಯಾರೂ ದಿಕ್ಕಿಲ್ವಾ?"

ಕ್ಷೌರದಂಗಡಿಯವನ ಹೆಂಡತಿಗೆ ಈ ಮಾತು ಅದೇ ಸಂಜೆ ತಲುಪಿತು. ತಲುಪಿಸಿದ್ದು ಯಾರೆಂದು ನಾನು ಹೇಳುವುದಿಲ್ಲ. ಅವನು ಆಮೇಲೆ ಬಹಳ ದಿನ ನಮ್ಮ ಬಾಗಿಲ ಮುಂದೆ ಹಾಯುವಾಗ ಆಕಾಶ ನೋಡಿಕೊಂಡು ಹೋಗುತ್ತಿದ್ದ.

ಡಾಕ್ಟರಮ್ಮ ಹುಟ್ಟಿದ್ದು ಕಟುಕರ ಮನೆಯಲ್ಲಿ. ಅವರಪ್ಪನಿಗೆ ಮಾರುಕಟ್ಟೆಯಲ್ಲಿ ಮಾಂಸದಂಗಡಿ ಇತ್ತು. ಹುಡುಗಿ ಶಾಲೆ ಮುಗಿಸಿ ಅಂಗಡಿಯ ಹಿಂದೆ ಕೂತು ಲೆಕ್ಕ ಬಿಡಿಸುತ್ತಿದ್ದಾಗ, ಎದುರಿಗೆ ಕುರಿಯೊಂದರ ಒಳಗಿನ ಅಂಗಾಂಗವೆಲ್ಲ ಪಾಠದಂತೆ ತೆರೆದುಕೊಂಡಿರುತ್ತಿತ್ತು. ಪಶುವೈದ್ಯ ಕಾಲೇಜಿಗೆ ಸೇರಿದಾಗ ನೆಂಟರು ಇದನ್ನೇ ಹಿಡಿದು ಆಡಿಕೊಂಡರಂತೆ. ಅಪ್ಪ ಬಿಚ್ಚಿದ್ದನ್ನೆಲ್ಲ ಮಗಳು ಹೊಲಿಯಲು ಹೊರಟಿದ್ದಾಳೆ ಎಂದು. ಕಾಲೇಜು ಮುಗಿದ ಮೇಲೆ ದೊಡ್ಡದೊಂದು ಕೋಳಿ ಫಾರಂನಲ್ಲಿ ಕೆಲಸ ಸಿಕ್ಕಿತು. ಕೋಳಿಗಳನ್ನು ಅವು ಸಾಯಬೇಕಾದ ದಿನದವರೆಗೂ ಆರೋಗ್ಯವಾಗಿ ನೋಡಿಕೊಳ್ಳುವುದು ಅಲ್ಲಿನ ಉದ್ಯೋಗ. ಇದಕ್ಕಿಂತ ನಮ್ಮಪ್ಪ ವಾಸಿ, ಅವನು ಕುರಿಗೆ ಟಾನಿಕ್ ಕುಡಿಸಿ ಮೋಸ ಮಾಡುತ್ತಿರಲಿಲ್ಲ ಎಂದು ಹೇಳಿ ಬಿಟ್ಟು ಬಂದರು. ಬಂದು ಈ ಬೀದಿಯಲ್ಲಿ ನಾಯಿಬೆಕ್ಕುಗಳ ದವಾಖಾನೆ ತೆರೆದರು.

ಲಸಿಕೆ ಇಡುವ ಫ್ರಿಜ್ಜು ಒಂದು ಬೇಸಗೆಯಲ್ಲಿ ಕೆಟ್ಟಿತು. ರಿಪೇರಿಗೆ ಬಂದ ಮೆಕ್ಯಾನಿಕ್ಕು, ಅದು ಸರಿಹೋದ ಮೇಲೂ ವಾರವಾರ ಬಂದು ಬಾಗಿಲು ತೆಗೆದು ತಣ್ಣಗಿದೆಯೇ ಎಂದು ಕೈಯಿಟ್ಟು ನೋಡತೊಡಗಿದರು. ಇಂಥ ಕರ್ತವ್ಯನಿಷ್ಠೆ ಫ್ರಿಜ್ಜಿನ ಮೇಲಿನದ್ದಲ್ಲ ಎಂದು ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಅರ್ಥವಾದ ಮೇಲೆ ಮದುವೆಯಾದರು. ಮೆಕ್ಯಾನಿಕ್ಕಿನ ಜೊತೆಗೆ ಅವರ ಸತ್ತ ಫ್ರಿಜ್ಜುಗಳೂ, ಬದುಕಿದ್ದ ತಾಯಿಯೂ ಬಂದವು. ಸತ್ತ ಫ್ರಿಜ್ಜುಗಳಿಗೆ ದವಾಖಾನೆಯ ಹಿಂದಿನ ಉದ್ದನೆಯ ಕೋಣೆ. ತಾಯಿಗೆ ಅಡುಗೆಮನೆ ಪಕ್ಕದ ಕೋಣೆ ಮತ್ತು ಇಡೀ ಮನೆಯ ಮೇಲೆ ಮಾತಿನ ಅಧಿಕಾರ. ಬೀದಿಯವರೆಲ್ಲ ಅವರನ್ನು ಡಾಕ್ಟರಮ್ಮ ಕರೆದಂತೆಯೇ ಅತ್ತೆ ಎಂದು ಕರೆಯುತ್ತೇವೆ. ವಯಸ್ಸು ಎಂಬತ್ತರ ಹತ್ತಿರ. ಕಿವಿ ಮಂದ, ಆದರೆ ಅವರ ಬಗ್ಗೆ ಆಡಿದ ಮಾತು ಮಾತ್ರ ಗೋಡೆಯಾಚೆಯಿಂದಲೂ ಕೇಳಿಸುತ್ತದೆ.

ಕಾಡುಜೀವಿಗಳ ಪೈಕಿ ಮೊದಲು ಬಂದದ್ದು ಬಾವಲಿ. ಹಣ್ಣಿನ ವ್ಯಾಪಾರಿ ತನ್ನ ಬಂಡಿಗೆ ಕಟ್ಟಿದ್ದ ನೈಲಾನ್ ಬಲೆಯಲ್ಲಿ ಅದು ಸಿಕ್ಕಿಕೊಂಡು ರೆಕ್ಕೆ ಹರಿದುಕೊಂಡಿತ್ತು. ಬಲೆಯ ಸಮೇತ ಕತ್ತರಿಸಿ ತಂದು ಮೇಜಿನ ಮೇಲಿಟ್ಟು, "ಅಮ್ಮ, ಬಾವಲಿ ನಿಮ್ಮದು, ಬಲೆ ನಂದು. ಬಿಡಿಸಿದ ಮೇಲೆ ಬಲೆ ವಾಪಸ್ ಕೊಡಿ" ಎಂದ. ಡಾಕ್ಟರಮ್ಮ ದಪ್ಪ ಕೈಗವಸು ಹಾಕಿಕೊಂಡು ಒಂದೊಂದೇ ಎಳೆ ಕತ್ತರಿಸಿದರು. ವ್ಯಾಪಾರಿಗೆ ಬಲೆಯ ಬದಲು ನೂಲಿನ ರಾಶಿ ಸಿಕ್ಕಿತು. ಬಾವಲಿಗೆ ಹಿಂದಿನ ಕೋಣೆಯಲ್ಲಿ ಒಂದು ಸತ್ತ ಫ್ರಿಜ್ಜು ಸಿಕ್ಕಿತು. ಬಾಗಿಲು ಕಿತ್ತು ಜಾಲರಿ ಬಿಗಿದು, ಮೇಲಿನ ತಟ್ಟೆಯಿಂದ ತಲೆಕೆಳಗಾಗಿ ನೇತಾಡಲು ಮೆಕ್ಯಾನಿಕ್ಕು ವ್ಯವಸ್ಥೆ ಮಾಡಿಕೊಟ್ಟರು. ರೆಕ್ಕೆ ಕೂಡಿಕೊಂಡು ಅದು ಹಾರಿಹೋದ ಮೇಲೆ ಖಾಲಿ ಜಾಗ ಖಾಲಿ ಉಳಿಯಲಿಲ್ಲ. ಕಾರಿಗೆ ಸಿಕ್ಕ ಮುಂಗುಸಿ, ಗಾಳಿಪಟದ ದಾರಕ್ಕೆ ಸಿಕ್ಕ ಹದ್ದು, ಗಾಳ ನುಂಗಿದ ಆಮೆ, ಎಲ್ಲವೂ ಒಂದೊಂದು ಫ್ರಿಜ್ಜಿನ ವಿಳಾಸ ಪಡೆದವು.

ಡಾಕ್ಟರಮ್ಮನಿಗೆ ಪ್ರಾಣಿಗಳೆಂದರೆ ಪ್ರಾಣ ಎಂದು ಯಾರಾದರೂ ಬರೆದರೆ ಅದು ಸುಳ್ಳು. ಅವರು ಯಾವುದನ್ನೂ ಮುದ್ದು ಮಾಡಿದ್ದನ್ನು ನಾನು ಕಂಡಿಲ್ಲ. ಯಾರಿಗೂ ಮುದ್ದು ಮಾಡಲು ಬಿಡುವುದೂ ಇಲ್ಲ. ಅಳಿಲಿನ ಮರಿಯನ್ನು ಕೆನ್ನೆಗೊತ್ತಿಕೊಂಡು ಫೋಟೊ ತೆಗೆಸಿಕೊಳ್ಳಲು ಬಂದ ಕಾಲೇಜು ಹುಡುಗಿಯರಿಗೆ, "ಅದಕ್ಕೆ ನಿಮ್ಮ ಮುಖ ಹಾವಿನ ಮುಖದ ಥರ ಕಾಣುತ್ತೆ, ಹೆದರಿಕೊಂಡೇ ಸಾಯುತ್ತೆ" ಎಂದು ಹೇಳಿ ಕಳಿಸಿದರು. ಹುಡುಗಿಯರು ಬಿಕ್ಕಿಬಿಕ್ಕಿ ಅತ್ತರು. ಅಳಿಲು ಆರಾಮವಾಗಿತ್ತು.

ಈ ಸೇವೆಯ ನಿಜವಾದ ಕಷ್ಟ ಅಡುಗೆಮನೆಯದು. ಮನೆಯಲ್ಲಿ ಕೆಲಸ ಮಾಡುವ ಫ್ರಿಜ್ಜು ಇದ್ದದ್ದು ಒಂದೇ. ಗೂಬೆ, ಹದ್ದುಗಳಿಗೆ ಬೇಕಾದ ಇಲಿಗಳನ್ನು ದಿನಸಿ ಅಂಗಡಿಯವರು ಬೋನಿನಲ್ಲಿ ಹಿಡಿದು ಕೊಡುತ್ತಿದ್ದರು. ಪಾಷಾಣ ಹಾಕಿದ ಇಲಿ ಬೇಡವೇ ಬೇಡ ಎಂದು ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿದ್ದರು. ಆ ಇಲಿಗಳು ಐಸ್‌ಕ್ರೀಮ್ ಡಬ್ಬಗಳಲ್ಲಿ ಮೇಲಿನ ಖಾನೆಯಲ್ಲಿರುತ್ತಿದ್ದವು. ಒಮ್ಮೆ ಮನೆಗೆ ಬಂದ ಬೀಗರಿಗೆ ಅತ್ತೆ ಬಹಳ ಅಕ್ಕರೆಯಿಂದ ಡಬ್ಬ ತಂದು ಮುಂದಿಟ್ಟು, ಚಮಚ ಕೈಗೆ ಕೊಟ್ಟು, ಮುಚ್ಚಳ ತೆಗೆದರು. ಬೀಗರು ಆಮೇಲೆ ಬಂದಿಲ್ಲ.

"ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ನನಗೆ ಮಾಡಿಸಿದ ಕೆಲಸ ಯಾವ ವೈರಿಗೂ ಬೇಡ" ಎಂದು ಅತ್ತೆ ಅಂಗಳದಲ್ಲಿ ನಿಂತು ನನಗೆ ಕೇಳಿಸುವಂತೆ ಹೇಳುತ್ತಿದ್ದರು. "ಆದ್ರೂ ಪುಣ್ಯಾತ್ಗಿತ್ತಿ, ಇಲಿ ಎಣಿಸೋಕೆ ಹಚ್ಚಿರ್ಲಿಲ್ಲ."

ಆದರೆ ಇಲಿ ಮುಗಿಯುತ್ತಾ ಬಂದಿದೆ ಎಂದು ದಿನಸಿ ಅಂಗಡಿಗೆ ಹೇಳಿ ಕಳಿಸುತ್ತಿದ್ದವರೂ ಅವರೇ.

ವನ್ಯಜೀವಿ ಕಚೇರಿಯವರಿಗೂ ಬೋರ್ಡು ಕಣ್ಣಿಗೆ ಬಿತ್ತು. ಗಾಯಗೊಂಡ ಕಾಡುಜೀವಿಗಳನ್ನು ನೋಡಿಕೊಳ್ಳುವುದು ಅಸಲಿಗೆ ಅವರ ಕೆಲಸ. ಅದಕ್ಕೆಂದು ಊರಾಚೆ ಒಂದು ರಕ್ಷಣಾ ಕೇಂದ್ರವೂ ಇತ್ತು. ಅದರಲ್ಲಿ ಉದ್ಘಾಟನೆಯ ಕಲ್ಲು, ಒಂದು ಶೆಡ್ಡು, ಶೆಡ್ಡಿನ ತುಂಬ ಮುರಿದ ಕುರ್ಚಿಗಳು ಇದ್ದವು. ಹೀಗಾಗಿ ಅವರ ಜೀಪು ಆಗಾಗ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅಧಿಕಾರಿ ಸಭ್ಯರು. ಪೆಟ್ಟಿಗೆ ಇಳಿಸಿ, "ಅಮ್ಮ, ನಿಮ್ಮ ಕೈಗುಣ ದೊಡ್ಡದು" ಎಂದು ಹೊಗಳಿ, ಚಹಾ ಕುಡಿದು ಹೋಗುತ್ತಿದ್ದರು. ಔಷಧದ ಖರ್ಚು ಎಂದು ಯಾರಾದರೂ ಬಾಯಿಬಿಟ್ಟರೆ ಅವರಿಗೆ ತಟ್ಟನೆ ಯಾವುದೋ ಮೀಟಿಂಗು ನೆನಪಾಗುತ್ತಿತ್ತು.

ಇಷ್ಟರಲ್ಲಿ ಉದ್ಯಾನದ ಎದುರಿಗೆ ಗಾಜಿನ ಕಟ್ಟಡ ಎದ್ದಿತು. ಮಳಿಗೆಗಳ ಕಟ್ಟಡ, ಬುಡದಿಂದ ತುದಿಯವರೆಗೆ ಕನ್ನಡಿಯಂಥ ಗಾಜು. ಅದರ ಮಾಲೀಕರನ್ನು ನಾವು ಗಾಜಿನ ಸಾಹುಕಾರರು ಎನ್ನುತ್ತೇವೆ. ಕಟ್ಟಡ ಬಲು ಚೆಂದ. ಎದುರಿನ ಮರಗಳೆಲ್ಲ ಅದರೊಳಗೂ ಇದ್ದಂತೆ ಕಾಣುತ್ತಿದ್ದವು. ನಮಗೆ ಅದು ಗಾಜೆಂದು ಗೊತ್ತು, ಬಾಗಿಲು ಎಲ್ಲಿದೆಯೆಂದು ಹುಡುಕುತ್ತಿದ್ದೆವು. ಹಕ್ಕಿಗಳಿಗೆ ಅಷ್ಟು ತಿಳಿವಳಿಕೆ ಇಲ್ಲ. ಅವು ಒಳಗಿನ ಮರದಲ್ಲಿ ಕೂರಲು ಹೋಗಿ ಕುತ್ತಿಗೆ ಮುರಿದುಕೊಂಡು ಬೀಳುತ್ತಿದ್ದವು. ಗಿರಾಕಿಗಳು ಬರುವ ಮೊದಲು ಅವನ್ನು ಗುಡಿಸಿ ಎತ್ತಬೇಕೆಂದು ಕಟ್ಟಡದ ಕಾವಲುಗಾರನಿಗೆ ಅಪ್ಪಣೆಯಾಗಿತ್ತು. ಆತ ಸತ್ತವನ್ನು ಗುಡಿಸಿ, ಉಸಿರಾಡುತ್ತಿದ್ದವನ್ನು ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು, ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಡಾಕ್ಟರಮ್ಮನಿಗೆ ಒಪ್ಪಿಸುತ್ತಿದ್ದ.

ಒಂದು ಬೆಳಿಗ್ಗೆ ಅವನ ಡಬ್ಬದಲ್ಲಿ ಗೂಬೆ ಇತ್ತು. ಬಿಳಿಯ, ಹೃದಯದಾಕಾರದ ಮೋರೆಯ ಗೂಬೆ. ರೆಕ್ಕೆಯ ಮೂಳೆ ಮುರಿದಿತ್ತು. ಡಾಕ್ಟರಮ್ಮ ಅದಕ್ಕೆ ಅರಿವಳಿಕೆ ಕೊಟ್ಟು, ಮೂಳೆಯೊಳಗೆ ಸಣ್ಣ ಸರಳು ತೂರಿಸಿ ಜೋಡಿಸಿದರು. ನಾನು ಟಾರ್ಚು ಹಿಡಿದು ನಿಂತಿದ್ದೆ. ಅಥವಾ ಗೋಡೆಗೆ ಒರಗಿ ಬೀಳದೆ ಇದ್ದೆ, ಟಾರ್ಚು ಅದರ ಪಾಡಿಗೆ ಉರಿಯುತ್ತಿತ್ತು. ಬೀದಿಯಲ್ಲಿ ಸುದ್ದಿ ಹಬ್ಬಿತು. ಗೂಬೆಗೂ ಆಪರೇಷನ್ನಂತೆ! ಅಂದಿನಿಂದ ಅವರು ಗೂಬೆ ಡಾಕ್ಟರಮ್ಮ ಆದರು. ಹೆಸರಿಟ್ಟವರಿಗೆ ಅದು ಬೈಗುಳವೆಂದು ಅನಿಸಿತ್ತು. ಅವರು ಮಾತ್ರ ಫೋನ್ ಎತ್ತಿದಾಗಲೂ "ಹಲೋ, ಗೂಬೆ ಡಾಕ್ಟರು" ಎನ್ನತೊಡಗಿದ್ದರಿಂದ ಹೆಸರಿಟ್ಟವರಿಗೆ ನಿರಾಸೆಯಾಯಿತು.

ಅತ್ತೆ ಮೊದಮೊದಲು ಗೂಬೆಯ ಫ್ರಿಜ್ಜಿನ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಾನು ಮೆಟ್ಟಿಲಿಳಿದು ಬರುವಾಗ ಅವರು ಅದರ ಮುಂದೆ ಮಣೆ ಹಾಕಿಕೊಂಡು ಕೂತು, ಇಕ್ಕಳದಲ್ಲಿ ಇಲಿಯ ತುಂಡು ಹಿಡಿದು, ತಮ್ಮ ಸೊಸೆಯ ದೋಷಗಳನ್ನು ಅದಕ್ಕೆ ವಿವರವಾಗಿ ಹೇಳುತ್ತಿದ್ದರು. ಗೂಬೆ ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿತು.

"ನೋಡು, ನನ್ನ ಮಗನೂ ಹೀಗೇ" ಎಂದರು ಅತ್ತೆ. "ಹೆಂಡ್ತಿ ಮೇಲೆ ಒಂದು ಮಾತು ಹೇಳಿದ್ರೆ ಸಾಕು, ಮುಖ ಆ ಕಡೆ."

ಸ್ವಲ್ಪ ದಿನಕ್ಕೆ ಗೂಬೆ ಚೇತರಿಸಿಕೊಂಡಿತು. ಡಾಕ್ಟರಮ್ಮ ಸರಳು ತೆಗೆದರು. ಹಿಂದಿನ ಕೋಣೆಯ ಬಾಗಿಲು ಮುಚ್ಚಿ ಅದನ್ನು ಬಿಟ್ಟರೆ, ಈ ಗೋಡೆಯಿಂದ ಆ ಗೋಡೆಗೆ ಸದ್ದೇ ಇಲ್ಲದೆ ಹಾರುತ್ತಿತ್ತು. ಇನ್ನೊಂದಿಷ್ಟು ಬಲ ಬಂದರೆ ಬಯಲಿಗೆ ಬಿಡುವುದೆಂದು ತೀರ್ಮಾನವಾಯಿತು.

ಆಗಲೇ ಗಾಜಿನ ಸಾಹುಕಾರರು ದವಾಖಾನೆಗೆ ದಯಮಾಡಿಸಿದರು. ಕಟ್ಟಡಕ್ಕೆ ವರ್ಷ ತುಂಬುತ್ತಿತ್ತು, ಸಮಾರಂಭ ಇಟ್ಟುಕೊಂಡಿದ್ದರು. ಅದರಲ್ಲಿ ಡಾಕ್ಟರಮ್ಮನಿಗೆ ಸನ್ಮಾನ ಮಾಡುವ ಆಸೆ ಅವರದು.

"ಮೂಕಜೀವಿಗಳ ತಾಯಿ ನೀವು" ಎಂದರು. "ನಮ್ಮ ಕಟ್ಟಡದ ಪರವಾಗಿ ನಿಮಗೊಂದು ಸ್ಮರಣಿಕೆ. ಗಾಜಿನಲ್ಲೇ ಮಾಡಿಸ್ತಿದೀವಿ, ಹಕ್ಕಿಯ ಆಕಾರದಲ್ಲಿ."

ಡಾಕ್ಟರಮ್ಮ ಒಂದು ಗುಬ್ಬಚ್ಚಿಯ ಕಣ್ಣಿಗೆ ಹನಿ ಹಾಕುತ್ತಿದ್ದವರು ತಲೆಯೆತ್ತಲಿಲ್ಲ. "ಹಕ್ಕಿಯ ಆಕಾರ ನಿಮ್ಮ ಗಾಜಿನ ಮೇಲೆ ದಿನಾ ಬೆಳಿಗ್ಗೆ ಮೂಡುತ್ತಲ್ಲ ಸಾಹುಕಾರ್ರೇ. ಅದನ್ನ ಒರೆಸೋಕೆ ನಿಮ್ಮ ಕಾವಲುಗಾರ ಬಕೆಟ್ ಇಟ್ಕೊಂಡಿದಾನೆ."

"ಏನು ಮಾಡೋದಮ್ಮ, ಅವು ನೋಡ್ಕೊಂಡು ಹಾರಬೇಕು."

"ನೋಡ್ಕೊಂಡೇ ಹಾರ್ತವೆ. ಅವಕ್ಕೆ ಮರ ಕಾಣುತ್ತೆ. ಹೊರಗಡೆಯಿಂದ ಗಾಜಿನ ಮೇಲೆ ನಾಲ್ಕು ಬೆರಳಿಗೊಂದು ಬಿಳಿ ಗೆರೆ ಎಳೆಸಿ. ಕೆಳಗಿನ ಅಂತಸ್ತಿಗಾದ್ರೂ ಎಳೆಸಿ, ಮರ ಕಾಣೋದು ಅಲ್ಲೇ. ಸನ್ಮಾನ ಅದೇ ಸಾಕು ನನಗೆ."

ಸಾಹುಕಾರರು ನೋವಿನಿಂದ ನಕ್ಕರು. "ಗೆರೆ ಎಳೆದರೆ ಕಟ್ಟಡ ಜೈಲಿನ ಥರ ಕಾಣಲ್ವಾ?"

"ಈಗ ಕಸಾಯಿಖಾನೆ ಥರ ಕಾಣುತ್ತೆ. ನಾನು ಕಟುಕರ ಮಗಳು, ನೋಡಿದ ತಕ್ಷಣ ಗೊತ್ತಾಗುತ್ತೆ."

ಸನ್ಮಾನ ಅಲ್ಲಿಗೆ ಮುಗಿಯಿತು. ಸಾಹುಕಾರರು ಎದ್ದು, ಬಾಗಿಲ ಬಳಿ ಒಮ್ಮೆ ನಿಂತು, ಹಿಂದಿನ ಕೋಣೆಯ ಸಾಲು ಫ್ರಿಜ್ಜುಗಳನ್ನೂ ಅವುಗಳೊಳಗಿಂದ ಹೊಳೆಯುತ್ತಿದ್ದ ಕಣ್ಣುಗಳನ್ನೂ ಬಹಳ ಆಸಕ್ತಿಯಿಂದ ನೋಡಿ ಹೋದರು.

ಕೆಲವು ದಿನ ಕಳೆದು ವನ್ಯಜೀವಿ ಕಚೇರಿಯ ಜೀಪು ಬಂತು. ಈ ಸಲ ಅಧಿಕಾರಿ ಚಹಾ ಬೇಡವೆಂದರು. ಅದರಿಂದಲೇ ನಮಗೆ ವಿಷಯ ಗಂಭೀರವೆಂದು ಗೊತ್ತಾಯಿತು.

"ಅಮ್ಮ, ತಪ್ಪು ತಿಳ್ಕೋಬೇಡಿ. ಮೇಲಿನವರಿಗೆ ದೂರು ಹೋಗಿದೆ. ಅನುಮತಿ ಇಲ್ಲದೆ ಕಾಡುಪ್ರಾಣಿಗಳನ್ನ ಮನೇಲಿ ಕೂಡಿಹಾಕಿದ್ದೀರಿ ಅಂತ. ಎಲ್ಲವನ್ನೂ ವಶಕ್ಕೆ ತಗೋಬೇಕು."

"ಇದರಲ್ಲಿ ಅರ್ಧ ನೀವೇ ತಂದಿಳಿಸಿದ್ದು" ಎಂದರು ಡಾಕ್ಟರಮ್ಮ.

"ಹೌದಮ್ಮ. ಅದು ಅನಧಿಕೃತ. ಇದು ಅಧಿಕೃತ."

"ಇದೆಂಥ ಮಾತು ಸಾರ್!" ಎಂದು ಮೆಕ್ಯಾನಿಕ್ಕು ಮುಂದೆ ಬಂದರು. ಮದುವೆಯಾದಂದಿನಿಂದ ಅವರು ಯಾರ ಮೇಲೂ ದನಿಯೆತ್ತಿದ್ದನ್ನು ಕಂಡಿರದ ಅತ್ತೆ, ಮಗನನ್ನು ಬೆರಗಿನಿಂದ ನೋಡಿದರು. ಅಧಿಕಾರಿ ತಲೆ ತಗ್ಗಿಸಿ ನಿಂತರೇ ಹೊರತು ಜಗ್ಗಲಿಲ್ಲ. ಅವರ ಜನ ಮುಂಗುಸಿ, ಆಮೆ, ಅಳಿಲುಗಳನ್ನೆಲ್ಲ ಎತ್ತಿದರು. ಗೂಬೆಗೆ ಗಾಳಿಯಾಡುವ ಅಗಲವಾದ ಪೆಟ್ಟಿಗೆ ಬೇಕು, ಕತ್ತಲಿರಬೇಕು, ಅಲುಗಾಡಬಾರದು ಎಂದು ಡಾಕ್ಟರಮ್ಮ ಜೀಪಿನವರೆಗೂ ಹೇಳುತ್ತ ಹೋದರು. ಒಬ್ಬ ಅದನ್ನು ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ತುರುಕಿ ದಾರ ಬಿಗಿದ. ಅಂತೂ ಗೂಬೆಯನ್ನು ಜೀಪಿನಲ್ಲಿ ಕೂರಿಸಿದರು, ತಮ್ಮ ಕೇಂದ್ರ ನಡೆಯದ ತಪ್ಪಿನ ಗೂಬೆಯನ್ನು ಡಾಕ್ಟರಮ್ಮನ ಮೇಲೆ ಕೂರಿಸಿದರು.

ಹೊರಡುವ ಮುಂಚೆ ಅಧಿಕಾರಿ ಜೀಪಿನ ಮುಂದಿನ ಸೀಟಿನಿಂದ ಒಂದು ಚೀಲ ತೆಗೆದು ಸಂಕೋಚದಿಂದ ನೀಡಿದರು. "ಹೇಗೂ ಬಂದಿದ್ದೆ, ಒಂಚೂರು ನೋಡಿಬಿಡಿ ಅಮ್ಮ. ದಾರೀಲಿ ಸಿಕ್ತು, ಕಾಲು ಮುರಿದಿದೆ."

ಒಳಗೊಂದು ಕೊಕ್ಕರೆ ಇತ್ತು. ಬೀದಿಯ ಜನವೆಲ್ಲ ಉಸಿರು ಬಿಗಿಹಿಡಿದು ಡಾಕ್ಟರಮ್ಮನ ಬಾಯಿಂದ ಏನು ಬರುತ್ತದೆಂದು ಕಾದೆವು. ಅವರು ಚೀಲ ತೆಗೆದುಕೊಂಡು ಒಳಗೆ ಹೋಗಿ ಕಾಲಿಗೆ ಪಟ್ಟಿ ಕಟ್ಟಿದರು. ಕೊಕ್ಕರೆ ದೂರು ಕೊಟ್ಟಿರಲಿಲ್ಲವಲ್ಲ.

ಕಚೇರಿಯವರ ಸಂಭ್ರಮ ಮರುದಿನಕ್ಕೇ ಇಳಿಯಿತು. ರಕ್ಷಣಾ ಕೇಂದ್ರದ ಶೆಡ್ಡಿನ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಪ್ರಾಣಿಗಳನ್ನು ಕಚೇರಿಯಲ್ಲೇ ಇರಿಸಿದ್ದರು. ಮುಂಗುಸಿ ಪಂಜರದಿಂದ ಹೊರಬಿದ್ದು ಹಳೆಯ ಕಡತಗಳ ಕಪಾಟಿನಲ್ಲಿ ಸಂಸಾರ ಹೂಡಿತು. ಕೈ ಹಾಕಿದ ಗುಮಾಸ್ತರನ್ನು ಕಚ್ಚಿತು. ಆಮೆಯನ್ನು ಯಾರೋ ಕಾಗದ ಹಾರದಂತೆ ಇಟ್ಟ ಕಲ್ಲೆಂದುಕೊಂಡರು, ಅದು ಕಾಗದಗಳ ಸಮೇತ ನಡೆದುಹೋಯಿತು. ಗೂಬೆ ತಿನ್ನುವುದೇನೆಂದು ಚರ್ಚೆಯಾಗಿ, ಕೊನೆಗೆ ಅದರ ಡಬ್ಬದೊಳಕ್ಕೆ ಬ್ರೆಡ್ಡು ಹಾಕಿದರು. ಆಮೇಲಿನ ದಿನ ಮಧ್ಯಾಹ್ನ ಜೀಪು ಮತ್ತೆ ನಮ್ಮ ಬಾಗಿಲಲ್ಲಿತ್ತು. ಗುಮಾಸ್ತರ ಕೈಗೆ ಬ್ಯಾಂಡೇಜು. 'ತಾತ್ಕಾಲಿಕವಾಗಿ ನಿಮ್ಮ ಸುಪರ್ದಿಗೆ' ಎಂದು ಅಧಿಕಾರಿ ಗೋಡೆ ನೋಡಿಕೊಂಡು ಹೇಳಿದರು. ಈ ತಾತ್ಕಾಲಿಕ ಇಂದಿಗೂ ಜಾರಿಯಲ್ಲಿದೆ.

ಎಲ್ಲವೂ ವಾಪಸ್ ಬಂದವು. ಗೂಬೆಯೂ ಬಂತು. ಅದೇ ಬಿಸ್ಕತ್ತಿನ ಡಬ್ಬದಲ್ಲಿ.

ಡಾಕ್ಟರಮ್ಮ ದಾರ ಕತ್ತರಿಸಿ ತೆಗೆದರು. ಹೊರಬರಲು ಹೆಣಗಾಡಿ ಅದರ ಗರಿಗಳು ಬುಡದಲ್ಲೇ ಮುರಿದಿದ್ದವು. ಕೂಡಿಕೊಂಡಿದ್ದ ಮೂಳೆ ಮತ್ತೆ ಮುರಿದು, ಚೂರು ಚರ್ಮದಿಂದ ಹೊರಗೆ ಚಾಚಿತ್ತು, ಒಣಗಿ ಕಪ್ಪಾಗಿತ್ತು. ಅವರು ಬೆರಳಲ್ಲಿ ತಡವುತ್ತ ರೆಕ್ಕೆಯ ಉದ್ದಕ್ಕೂ ಹೋದರು. ಕೀಲಿನ ಬಳಿ ನಿಂತರು. ಮತ್ತೊಮ್ಮೆ ಮೊದಲಿನಿಂದ ತಡವಿದರು. ನಾನು ಟಾರ್ಚು ತರಲೇ ಎಂದು ಕೇಳಿದೆ.

"ಬೇಡ" ಎಂದರು. "ಇದು ಇನ್ನು ಹಾರಲ್ಲ."

ಅತ್ತೆ ಬಾಗಿಲಲ್ಲಿ ಇಕ್ಕಳ ಹಿಡಿದು ನಿಂತಿದ್ದರು. "ಹಾರದಿದ್ರೆ ಏನಾಯ್ತು? ಇರ್ಲಿ ಇಲ್ಲೇ. ನಾನೂ ಹಾರಲ್ಲ. ನಾನು ನೋಡ್ಕೋತೀನಿ."

"ಅತ್ತೆ, ಅದು ಕಾಡಿಂದು. ಜೀವಮಾನ ಪೂರ್ತಿ ಫ್ರಿಜ್ಜಲ್ಲಿ ಕೂರಿಸಿದ್ರೆ ದಿನಾ ಸಾಯುತ್ತೆ. ಕೀಲೇ ಹೋಗಿದೆ, ನೋವು ತಿಂತಿದೆ."

"ನಿನಗೆ ಎದೆ ಅನ್ನೋದು ಇದೆಯೇನೇ?"

ಡಾಕ್ಟರಮ್ಮ ಸೂಜಿಗೆ ಔಷಧ ತುಂಬಿದರು. ಅತ್ತೆ ಹತ್ತಿರ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಗೂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದು ಕತ್ತು ತಿರುಗಿಸಲಿಲ್ಲ. ಕಣ್ಣು ಅರ್ಧ ಮುಚ್ಚಿತು, ಆಮೇಲೆ ಪೂರ್ತಿ. ಆ ಸಂಜೆ ಡಾಕ್ಟರಮ್ಮ ಮಿಕ್ಕ ರೋಗಿಗಳನ್ನೆಲ್ಲ ನೋಡಿದರು. ನಾಯಿಗಳಿಗೆ ಲಸಿಕೆ ಹಾಕಿದರು. ಬಾಗಿಲು ಹಾಕಿದ ಮೇಲೆ ಅಂಗಳದ ನಲ್ಲಿಯ ಕೆಳಗೆ ಕೈ ತೊಳೆಯುತ್ತ ತೊಳೆಯುತ್ತ ಅಲ್ಲೇ ನಿಂತುಬಿಟ್ಟಿದ್ದರು. ನೀರು ಸುಮ್ಮನೆ ಹರಿಯುತ್ತಿತ್ತು. ಮೆಕ್ಯಾನಿಕ್ಕು ಬಂದು ನಲ್ಲಿ ನಿಲ್ಲಿಸಿ, ತಮ್ಮ ಅಂಗಿಯ ತುದಿಯಿಂದ ಅವರ ಕೈ ಒರೆಸಿದರು.

ಮುಂದಿನ ಭಾನುವಾರ ಮಧ್ಯಾಹ್ನ ಅತ್ತೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತು, "ಬಿಳಿ ಬಣ್ಣ ಇದೆಯೇನಪ್ಪ?" ಎಂದು ಕೇಳಿದರು.

"ಇದೆ ಅತ್ತೆ. ಯಾಕೆ?"

"ಏಣಿ?"

"ಅದೂ ಇದೆ. ಏನು ಬರೀಬೇಕು?"

"ಬರೆಯೋದೇನಿಲ್ಲ. ಗೆರೆ ಎಳೀಬೇಕು. ನಾಲ್ಕು ಬೆರಳಿಗೊಂದು."

ಬೇಡವೆಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಭಾನುವಾರ ಗಾಜಿನ ಕಟ್ಟಡಕ್ಕೆ ರಜೆ. ಕಾವಲುಗಾರ ನಮ್ಮನ್ನು ನೋಡಿದ, ಏಣಿ ನೋಡಿದ, ಬಣ್ಣದ ಡಬ್ಬ ನೋಡಿದ. "ಅಯ್ಯೋ, ಚಹಾ ಕುಡಿಯೋ ಹೊತ್ತಾಯ್ತು" ಎಂದು ತನಗೆ ತಾನೇ ಹೇಳಿಕೊಂಡು ಹೊರಟುಹೋದ. ಇಷ್ಟು ಸಾವಕಾಶವಾಗಿ ಚಹಾ ಕುಡಿದವರನ್ನು ನಾನು ನೋಡಿಲ್ಲ.

ಅತ್ತೆ ನೆಲದಲ್ಲಿ ನಿಂತು ಕೈಗೆಟುಕುವಷ್ಟು ಎಳೆದರು, ಮೇಲಿನದನ್ನು ನಾನು ಏಣಿಯ ಮೇಲೆ ನಿಂತು ಎಳೆದೆ. ಪ್ರತಿ ಗೆರೆಗೂ ಬೆರಳಿಟ್ಟು ಅಳೆಯುತ್ತಿದ್ದರು. ನನ್ನದು ನೆಟ್ಟಗೆ, ಅವರದು ವಕ್ರ. ಇಬ್ಬರದೂ ಸೇರುವಲ್ಲಿ ಸರಿಯಾಗಿ ಸೇರುತ್ತಿರಲಿಲ್ಲ. ಉದ್ಯಾನಕ್ಕೆ ಬಂದವರೆಲ್ಲ ನಿಂತು ನೋಡಿದರು. ಕಟ್ಟಡದವರೇ ಮಾಡಿಸುತ್ತಿದ್ದಾರೆ ಎಂದು ಕೆಲವರು, ಪಾಪ ಈ ವಯಸ್ಸಿನಲ್ಲಿ ಕೂಲಿ ಮಾಡಬೇಕಾಗಿದೆಯಲ್ಲ ಎಂದು ಕೆಲವರು. ಒಬ್ಬ ಮಹಾನುಭಾವರು ಅತ್ತೆಯ ಕೈಗೆ ಚಿಲ್ಲರೆ ಕೊಡಲು ಬಂದರು. ಅತ್ತೆ ತೆಗೆದುಕೊಂಡರು.

ಸೋಮವಾರ ಪೊಲೀಸರು ಬಂದರು. ಸಾಹುಕಾರರ ದೂರಿನಲ್ಲಿ ಕಿಡಿಗೇಡಿಗಳ ಗುಂಪು ಎಂದಿತ್ತು. ಇನ್ಸ್‌ಪೆಕ್ಟರು ಆ ಗುಂಪನ್ನು ಹುಡುಕಿಕೊಂಡು ಒಳಗೆ ಬಂದಾಗ ಅತ್ತೆ ಹದ್ದಿಗೆ ಇಲಿ ಕತ್ತರಿಸುತ್ತಿದ್ದರು.

"ನೀವೇನಜ್ಜಿ ಗಾಜಿಗೆ ಬಣ್ಣ ಬಳಿದದ್ದು?"

"ಹೂಂ. ಇನ್ನೊಂದು ಕಡೆ ಬಾಕಿ ಇದೆ. ಬಣ್ಣ ಮುಗಿದುಹೋಯ್ತು. ನೀವು ಕೊಡಿಸ್ತೀರಾ?"

ಡಾಕ್ಟರಮ್ಮನಿಗೆ ಆಗಲೇ ಈ ಸಂಗತಿ ಗೊತ್ತಾದದ್ದು. ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ನನ್ನನ್ನು ನೋಡಿದ ನೋಟ ಮುಂದಿನ ತಿಂಗಳು ಬಾಡಿಗೆ ಏರಬಹುದು ಎನ್ನುವಂತಿತ್ತು. "ಎಲ್ಲದಕ್ಕೂ ನಾನೇ ಜವಾಬ್ದಾರಿ" ಎಂದರು ಇನ್ಸ್‌ಪೆಕ್ಟರಿಗೆ.

"ಅವಳ್ಯಾಕೆ ಆಗ್ತಾಳೆ?" ಎಂದು ಅತ್ತೆ ಸಿಡುಕಿದರು. "ಎಳೆದದ್ದು ನಾನು. ಇವಳು ಕೇಳ್ಕೊಂಡು ಕೂತ್ಲು, ಎಳೆಸಲಿಲ್ಲ ಆ ಸಾಹುಕಾರ. ನನಗೆ ಕೇಳೋಕೆ ಬರಲ್ಲ, ಕಿವಿ ಮಂದ."

ಎಂಬತ್ತರ ಮುದುಕಿಯನ್ನು ಜೀಪಿಗೆ ಹತ್ತಿಸಿದರೆ ಪತ್ರಿಕೆಯಲ್ಲಿ ತಮ್ಮ ಫೋಟೊ ಹೇಗೆ ಬರುತ್ತದೆಂದು ಇನ್ಸ್‌ಪೆಕ್ಟರು ಊಹಿಸಿಕೊಂಡರು. ಊಹಿಸುವ ಮೊದಲೇ ಪತ್ರಿಕೆಯವರು ಬಂದಾಗಿತ್ತು. ಅತ್ತೆ ಕುಂಚ ಹಿಡಿದು ನಿಂತ ಚಿತ್ರ ಎಲ್ಲ ಕಡೆ ಅಚ್ಚಾಯಿತು. ಊರಿನವರು ಗೆರೆ ನೋಡಲೆಂದೇ ಕಟ್ಟಡಕ್ಕೆ ಬರತೊಡಗಿದರು, ಬಂದವರು ಒಳಗೆ ಹೋಗಿ ಏನಾದರೂ ಕೊಂಡರು. ವ್ಯಾಪಾರ ಏರಿದ್ದು ಕಂಡು ಗಾಜಿನ ಸಾಹುಕಾರರ ಕರುಳು ಕರಗಿತು. ದೂರು ವಾಪಸ್ಸಾಯಿತು. ನಮ್ಮ ವಕ್ರ ಗೆರೆಗಳನ್ನು ಅಳಿಸಿ, ಪೇಟೆಯಿಂದ ಜನ ಕರೆಸಿ, ಇಡೀ ಕಟ್ಟಡಕ್ಕೆ ನೆಟ್ಟಗಿನ ಗೆರೆ ಎಳೆಸಿದರು. 'ಹಕ್ಕಿಗಳ ಮಿತ್ರ' ಎಂದು ತಮ್ಮದೇ ಭಾವಚಿತ್ರದ ಕೆಳಗೆ ದೊಡ್ಡ ಬೋರ್ಡು ಹಾಕಿಸಿದರು. ಅದನ್ನು ಬರೆಯಲು ನನ್ನನ್ನು ಕರೆಯಲಿಲ್ಲ.

ವರ್ಷದ ಕೊನೆಗೆ ಪರಿಸರ ಸಂಘವೊಂದು ಅವರಿಗೆ ಪ್ರಶಸ್ತಿ ಕೊಟ್ಟಿತು. ನಮಗೂ ಆಹ್ವಾನ ಬಂತು, ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಲು. ಹೋಗುವುದು ಬೇಡವೆಂದು ಡಾಕ್ಟರಮ್ಮ ಹೇಳಿದರೂ ಅತ್ತೆ ಒಳ್ಳೆಯ ಬಟ್ಟೆ ಉಟ್ಟು ಬಾಗಿಲಲ್ಲಿ ನಿಂತಾಗಿತ್ತು.

ಸಾಹುಕಾರರು ವೇದಿಕೆಯ ಮೇಲೆ ಗದ್ಗದಿತರಾದರು. "ಆ ಪುಟ್ಟ ಜೀವಗಳು ಸಾಯೋದನ್ನ ನೋಡಿ ನನಗೆ ಎಷ್ಟೋ ದಿನ ನಿದ್ದೆ ಬಂದಿಲ್ಲ."

"ಪಾಪ!" ಎಂದರು ಅತ್ತೆ. ಕಿವಿ ಮಂದವಿರುವವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. "ಈಗ ಬರುತ್ತಂತಾ?"

ಇಡೀ ಸಭಾಂಗಣ ಹಿಂದಿರುಗಿ ನೋಡಿತು. ಡಾಕ್ಟರಮ್ಮ ತಲೆ ಬಗ್ಗಿಸಿದರು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೇನೋ ಎಂದು ನಾನು ಬಗ್ಗಿ ನೋಡಿದೆ. ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಮಾರಂಭ ಮುಗಿದು ಎಲ್ಲರೂ ಹೊರಬಂದಾಗ ಕಾರು ನಿಲ್ಲಿಸುವ ಜಾಗದಲ್ಲಿ ಗಲಾಟೆ ಎದ್ದಿತು. ಮುಖ್ಯ ಅತಿಥಿಗಳ ಕಾರಿನ ಚಕ್ರಕ್ಕೆ ಕೇರೆ ಹಾವೊಂದು ಸಿಕ್ಕಿ ಬಾಲ ಜಜ್ಜಿಹೋಗಿತ್ತು. ಅಲ್ಲಿಯವರೆಗೆ ಸಕಲ ಜೀವರಾಶಿಯ ಮೇಲೆ ಪ್ರೀತಿ ಹರಿಸಿದ ಸಭೆ ಒಂದೇ ನೆಗೆತಕ್ಕೆ ಮೆಟ್ಟಿಲ ಮೇಲೆ ಏರಿತು. "ಹೊಡೀರಿ, ಹೊಡೀರಿ!" ಎಂದು ಕೂಗಿದವರಲ್ಲಿ ಪರಿಸರ ಸಂಘದ ಅಧ್ಯಕ್ಷರ ದನಿ ಎದ್ದು ಕೇಳುತ್ತಿತ್ತು.

ಡಾಕ್ಟರಮ್ಮ ಜನರನ್ನು ಸರಿಸಿಕೊಂಡು ಬಂದು ಮಂಡಿಯೂರಿ ಕೂತರು. "ವಿಷ ಇಲ್ಲ ಇದಕ್ಕೆ. ಸುಮ್ನಿರಿ ಎಲ್ಲ." ಒಂದು ಕೈಯಲ್ಲಿ ತಲೆಯ ಹಿಂಬದಿ ಹಿಡಿದು, ಇನ್ನೊಂದರಲ್ಲಿ ಮೈ ಆನಿಸಿಕೊಂಡು ಸುತ್ತ ನೋಡಿದರು. ಹತ್ತಿರದ ಮೆಟ್ಟಿಲ ಮೇಲೆ ಗಾಜಿನ ಸಾಹುಕಾರರು ಮಖಮಲ್ಲಿನ ಪೆಟ್ಟಿಗೆಯಲ್ಲಿ ಪ್ರಶಸ್ತಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು.

"ಸಾಹುಕಾರ್ರೇ, ಆ ಪೆಟ್ಟಿಗೆ ಕೊಡಿ."

"ಇದು... ಪ್ರಶಸ್ತಿದಮ್ಮ."

"ಪ್ರಶಸ್ತಿ ನೀವಿಟ್ಕೊಳ್ಳಿ. ಪೆಟ್ಟಿಗೆ ಕೊಡಿ."

ಫೋಟೊದವರು ಕ್ಯಾಮೆರಾ ಎತ್ತಿದರು. ಸಾಹುಕಾರರು ಪ್ರಶಸ್ತಿಯನ್ನು ಹೊರತೆಗೆದು ಕಂಕುಳಲ್ಲಿರಿಸಿಕೊಂಡು, ಕ್ಯಾಮೆರಾದ ಕಡೆಗೆ ಮುಖ ಮಾಡಿ, ಬಾಯ್ತುಂಬ ನಗುತ್ತ, ಕೈಯನ್ನು ಆದಷ್ಟು ದೂರ ಚಾಚಿ ಪೆಟ್ಟಿಗೆ ಕೊಟ್ಟರು. ಕೇರೆ ಹಾವು ನೀಲಿ ಮಖಮಲ್ಲಿನ ಮೇಲೆ ಸುತ್ತಿಕೊಂಡಿತು. ಮುಚ್ಚಳ ಪೂರ್ತಿ ಮುಚ್ಚದಂತೆ ಡಾಕ್ಟರಮ್ಮ ತಮ್ಮ ಕರವಸ್ತ್ರವನ್ನು ಸಂದಿಗಿಟ್ಟು ದಾರ ಕಟ್ಟಿದರು.

ಮೆಕ್ಯಾನಿಕ್ಕು ಸ್ಕೂಟರು ತಂದರು. ಅತ್ತೆ ಹಿಂದೆ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿರಿಸಿಕೊಂಡರು. ನಾನೂ ಡಾಕ್ಟರಮ್ಮನೂ ನಡೆದೇ ಹೊರಟೆವು. ತಿರುವಿನವರೆಗೂ ಅತ್ತೆಯ ದನಿ ಕೇಳುತ್ತಿತ್ತು.

"ಗುಂಡಿ ನೋಡ್ಕೊಂಡು ಓಡಿಸೋ! ನನ್ನ ಸೊಂಟ ಹೋದ್ರೆ ಹೋಗ್ಲಿ, ಇದರ ಬಾಲ ಮೊದಲೇ ಹೋಗಿದೆ."